ಕಷಾಯದ ಲೋಟಕ್ಕೆ ಬಂದದ್ದೆಷ್ಟು, ಚರಟದಲ್ಲಿ ಉಳಿದದ್ದೆಷ್ಟು?

ಪ್ರಶ್ನೆ: ತುಳಸಿ, ಒಣಶುಂಠಿ, ಕಾಳುಮೆಣಸು, ದಾಲ್ಚಿನ್ನಿ, ಜ್ಯೇಷ್ಠಮಧು ಸೇರಿಸಿ ಕಷಾಯದ ಪುಡಿ ಮಾಡಿ ಮಾರುತ್ತೇವೆ. ಸಂತೆಯಲ್ಲಿ ಕುದಿಸಿ ಲೋಟದ ಲೆಕ್ಕದಲ್ಲೂ ಕೊಡುತ್ತೇವೆ. ಗಿರಾಕಿಯೊಬ್ಬರು ರಾಸಾಯನಿಕ ಪರೀಕ್ಷೆಯ ವರದಿ ಕೇಳಿದರು. ಏನೇನು ಪರೀಕ್ಷೆ ಮಾಡಿಸಬೇಕು? ಸೋಸಿದ ಚರಟವನ್ನು ಅಡಿಕೆ ಮರದ ಬುಡಕ್ಕೆ ಸುರಿಯುತ್ತಿದ್ದೇವೆ. ಬಿಳಿ ಬೂಷ್ಟು ಕಟ್ಟಿದೆ. ಎರೆಹುಳು ತೊಟ್ಟಿಗೆ ಹಾಕಬಹುದೇ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಆ ಗಿರಾಕಿಗೆ ಒಂದು ಲೋಟ ಪುಕ್ಕಟೆ ಕೊಡಿ, ಕೇಳಬೇಕಾದ್ದನ್ನೇ ಕೇಳಿದ್ದಾರೆ. ಆದರೆ ‘ಫ್ಲೇವನಾಯ್ಡ್ ಇದೆ, ಟ್ಯಾನಿನ್ ಇದೆ, ಸಪೋನಿನ್ ಇದೆ’ ಎಂದು ಗಿಡಗಳಲ್ಲಿ ಸಾಮಾನ್ಯವಾಗಿ ಇರುವ ರಾಸಾಯನಿಕಗಳಿಗೆ ಅಧಿಕ ಚಿಹ್ನೆ ಹಾಕಿಕೊಡುವ ಹಾಳೆಗೆ ದುಡ್ಡು ಸುರಿಯಬೇಡಿ. ಅಷ್ಟು ಬೇಲಿಯ ಲಂಟಾನದಲ್ಲೂ ಇದೆ, ಅದನ್ನು ಯಾರೂ ಕುಡಿಯುವುದಿಲ್ಲ.

ಮಾಡಿಸಬೇಕಾದ್ದು ಪುಡಿಯ ಶುದ್ಧತೆಯ ಪರೀಕ್ಷೆ: ತೇವಾಂಶ, ಬೂಷ್ಟು, ಕೆಲವು ಬೂಷ್ಟುಗಳು ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ, ಕೀಟನಾಶಕದ ಉಳಿಕೆ, ಸೀಸ ಮತ್ತು ಆರ್ಸೆನಿಕ್. ಇವುಗಳ ಜೊತೆಗೆ ‘ಆಮ್ಲದಲ್ಲಿ ಕರಗದ ಬೂದಿ’ ಎಂಬ ಹಳೆಯ, ಸರಳ ಪರೀಕ್ಷೆಯೊಂದಿದೆ. ನನಗಂತೂ ಅದರ ಮೇಲೆ ಬಲು ನಂಬಿಕೆ. ಪುಡಿಯನ್ನು ಮೂಸೆಯಲ್ಲಿ ಸುಟ್ಟು, ಬೂದಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ಸೋಸಿದರೆ ಕಾಗದದ ಮೇಲೆ ಉಳಿಯುವುದು ಬಹುಪಾಲು ಮರಳು, ಮಣ್ಣು. ಜ್ಯೇಷ್ಠಮಧುವಿನ ಬೇರನ್ನೋ ಶುಂಠಿಯನ್ನೋ ಅರೆಬರೆ ತೊಳೆದಿದ್ದರೆ ಇಲ್ಲಿ ಬಯಲಾಗುತ್ತದೆ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೇ ಕಳಿಸಿ.

ಪೊಟ್ಟಣದ ಮೇಲೆ ‘ಕೆಮ್ಮು ವಾಸಿಯಾಗುತ್ತದೆ’ ಎಂದು ಅಚ್ಚು ಹಾಕಿಸಿದರೆ ಅದು ಆಹಾರವಾಗಿ ಉಳಿಯುವುದಿಲ್ಲ, ಔಷಧವಾಗುತ್ತದೆ. ಪರವಾನಗಿಯ ದಾರಿಯೇ ಬೇರೆ. ಅದರ ಬದಲು, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ದಿನವೂ ಕುಡಿಯಬಾರದು ಎಂದು ಹಾಕಿಸಿ. ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲೈಸಿರೈಜಿನ್ ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ದಾಲ್ಚಿನ್ನಿ ಕೊಳ್ಳುವಾಗಲೂ ನೋಡಿ: ದಾಲ್ಚಿನ್ನಿಯೆಂದೇ ಮಾರುವ ದಪ್ಪ ತೊಗಟೆಯ ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ರಾಸಾಯನಿಕ ಜಾಸ್ತಿ, ಅದು ಅತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ.

ಇನ್ನು ಲೋಟದ ವಿಚಾರ. ನೀರು ತನಗೆ ಕರಗುವುದನ್ನು ಮಾತ್ರ ಎಳೆದುಕೊಳ್ಳುತ್ತದೆ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ತಣ್ಣೀರಿನಲ್ಲಿ ಲೀಟರಿಗೆ ಸುಮಾರು 40 ಮಿಲಿಗ್ರಾಂ ಮಾತ್ರ ಕರಗುತ್ತದೆ. ಕುದಿಸಿದರೆ ಇನ್ನಷ್ಟು ಬರುತ್ತದೆ, ಆದರೂ ಗಣನೀಯ ಪಾಲು ಚರಟದಲ್ಲೇ ಉಳಿಯುತ್ತದೆ. ತುಳಸಿಯ ಘಮಕ್ಕೆ ಕಾರಣವಾದ ಯೂಜಿನಾಲ್ ಹಾಗಲ್ಲ, ಆವಿಯ ಜೊತೆ ಹಾರಿಹೋಗುತ್ತದೆ. ನಿಮ್ಮ ಮಳಿಗೆಯ ಘಮಕ್ಕೆ ಸಂತೆಯ ಜನ ಸೇರುತ್ತಾರಲ್ಲ, ಆ ಘಮವೆಲ್ಲ ಲೋಟದಿಂದ ಕಳೆದದ್ದೇ! ಬೇರು, ತೊಗಟೆ, ಮೆಣಸನ್ನು ಮೊದಲು ಕುದಿಸಿ. ತುಳಸಿಯನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ ಮುಚ್ಚಿಡಿ. ಕುದಿಸುವ ಕ್ವಾಥ, ಬಿಸಿನೀರಿನಲ್ಲಿ ನೆನೆಸುವ ಫಾಂಟ ಎಂದು ಆಯುರ್ವೇದವೂ ಎರಡನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಹೀಗೆ ಮಾಡಬೇಕಾದರೆ ತುಳಸಿಯನ್ನು ಪುಡಿಗೆ ಬೆರೆಸದೆ ಪ್ರತ್ಯೇಕ ಪೊಟ್ಟಣದಲ್ಲಿ ಕೊಡಬೇಕಾಗುತ್ತದೆ.

ಬಿಳಿ ಬೂಷ್ಟನ್ನು ನೋಡಿ ಅಡಿಕೆಯ ಕೊಳೆರೋಗವೆಂದು ಗಾಬರಿಯಾಗಬೇಡಿ. ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ನಿಮ್ಮ ಚರಟದ ಮೇಲಿರುವುದು ಸಾಮಾನ್ಯವಾಗಿ ಸತ್ತ ಸಸ್ಯವಸ್ತುವನ್ನು ತಿನ್ನುವ ಶಿಲೀಂಧ್ರ. ಆದರೂ ಒದ್ದೆ ಚರಟವನ್ನು ಕಾಂಡಕ್ಕೆ ತಾಗಿ ರಾಶಿ ಹಾಕುವುದು ಸರಿಯಲ್ಲ. ಗಾಳಿಯಾಡದೆ ಹುಳಿ ವಾಸನೆ ಬರುತ್ತದೆ.

ಎರೆಹುಳು ತೊಟ್ಟಿಗೆ ನೇರವಾಗಿ ಬೇಡವೇ ಬೇಡ. ಎರೆಹುಳು ಉಸಿರಾಡುವುದು ಒದ್ದೆ ಚರ್ಮದಿಂದ. ಶುಂಠಿ, ಮೆಣಸಿನ ಖಾರ ಅದಕ್ಕೆ ಹಿಡಿಸುವುದಿಲ್ಲ. ಚರಟಕ್ಕೆ ಸಗಣಿ ಬಗ್ಗಡ, ಒಣ ತರಗೆಲೆ ಬೆರೆಸಿ ನೆರಳಿನಲ್ಲಿ ಗುಡ್ಡೆ ಮಾಡಿ, ಆಗಾಗ ಮಗುಚಿ. ಎರಡು ಮೂರು ವಾರದಲ್ಲಿ ಕಾವು ಇಳಿದು ಖಾರದ ವಾಸನೆ ಹೋಗಬೇಕು. ಆಮೇಲೆ ತೊಟ್ಟಿಯ ಮೂಲೆಯಲ್ಲಿ ಒಂದು ಹಿಡಿ ಇಟ್ಟು ಮಾರನೆಯ ದಿನ ಕೆದಕಿ ನೋಡಿ. ಹುಳು ಅದರೊಳಗೆ ನುಗ್ಗಿದ್ದರೆ ಉಳಿದದ್ದನ್ನೂ ಹಾಕಿ; ಆಚೆ ಸರಿದಿದ್ದರೆ ಇನ್ನೊಂದು ವಾರ ಕಾಯಿರಿ. ತೊಗಟೆ, ಬೇರಿನ ಗಟ್ಟಿ ಚೂರುಗಳು ಬೇಗ ಕೊಳೆಯುವುದಿಲ್ಲ. ಒಣಗಿಸಿ ಬಚ್ಚಲೊಲೆಗೆ ಹಾಕಿ.