ಅಡಿಕೆ ಧಾರಣೆಗೆ ಇಸಿಜಿ ಎಲ್ಲಿಂದ ಬಂತು?

ಸಂಪಾದಕರ ಉತ್ತರ

ಕುಮಟಾದ ನಿವೃತ್ತ ಅಕ್ಕೋರೊಬ್ಬರು (ಶಾಲೆಯ ಶಿಕ್ಷಕಿ) ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಶಿರಸಿ ಮಾರುಕಟ್ಟೆಯ ಬರಹಕ್ಕೆ ನಾವು ‘ಅಡಿಕೆ ಧಾರಣೆಯ ಇಸಿಜಿ’ ಎಂದು ತಲೆಬರಹ ಕೊಟ್ಟಿದ್ದೆವು. ಅದೇ ಸಂಚಿಕೆಯ ಇನ್ನೊಂದು ಬರಹದಲ್ಲಿ ‘ಇಸಿಜಿ ನಾರ್ಮಲ್ ಇದ್ದುದರಿಂದ ಮನೆಗೆ ಮರಳಿದರು’ ಎಂಬ ವಾಕ್ಯವಿತ್ತು. ‘ಹೃದಯ ವಿದ್ಯುಲ್ಲೇಖ’ ಎಂಬ ಪದ ಇರುವಾಗ ಮೂರು ಇಂಗ್ಲಿಷ್ ಅಕ್ಷರ ಯಾಕೆ, ದವಾಖಾನೆಯ ಮಾತನ್ನು ಅಡಿಕೆ ಚೀಲದ ಮೇಲೆ ಯಾಕೆ ಹೇರಿದಿರಿ, ಇಸಿಜಿಯನ್ನು ‘ತೆಗೆಸುವುದೋ ಮಾಡಿಸುವುದೋ’ ಎಂದು ಕೇಳಿದ್ದಾರೆ.

ಅಕ್ಕೋರೇ, ನಮಸ್ಕಾರ.

ತಲೆಬರಹ ಕೊಟ್ಟವನು ನಾನೇ. ಅಡಿಕೆಯ ಬಗೆಗಳಾದ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟಿನ ದರಗಳನ್ನು ಗೆರೆಯಲ್ಲಿ ಬರೆದಾಗ ಮೊನೆಮೊನೆಯಾಗಿ ಕಂಡಿತು. ‘ಇಸಿಜಿ ಹಾಗೇ ಇದೆಯಲ್ಲ’ ಎಂದು ಕಚೇರಿಯಲ್ಲಿ ಯಾರೋ ಅಂದರು. ನಾನು ಅದನ್ನೇ ಎತ್ತಿ ಮೇಲಿಟ್ಟೆ. ಪೇಟೆಗೆ ದವಾಖಾನೆಯ ಮಾತು ತಂದದ್ದು ತಪ್ಪು ಎಂದು ನೀವು ಹೇಳುತ್ತೀರಿ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ‘ಜನರ ನಾಡಿಮಿಡಿತ ಬಲ್ಲವರು’ ಎಂದು ಭಾಷಣದಲ್ಲಿ ಹೇಳುತ್ತೇವೆ, ನಾಡಿಯೂ ಪಂಡಿತರ ಕೋಣೆಯಿಂದಲೇ ಹೊರಗೆ ಬಂದದ್ದು. ನನ್ನ ತಪ್ಪು ಬೇರೆಯೇ ಇದೆ, ಅದು ನಿಮ್ಮ ಕಣ್ಣಿಗೂ ಬಿದ್ದಿಲ್ಲ. ಹೋಲಿಕೆಯೇ ತಲೆಕೆಳಗು.

ಇಸಿಜಿಯ ಏರಿಳಿತ ಕಾಯಿಲೆಯ ಗುರುತಲ್ಲ. ಏರಬೇಕು, ಇಳಿಯಬೇಕು, ಮತ್ತೆ ಅದೇ ರೀತಿ ಏರಬೇಕು. ಮೊದಲು ಬರುವ ಸಣ್ಣ ಉಬ್ಬು ‘ಪಿ’, ಹೃದಯದ ಮೇಲಿನ ಕೋಣೆಗಳದ್ದು. ಆಮೇಲೆ ‘ಕ್ಯೂಆರ್‌ಎಸ್’ ಎಂಬ ಚೂಪು ಮೊನೆ, ಕೆಳಗಿನ ದೊಡ್ಡ ಕೋಣೆಗಳದ್ದು. ಕೊನೆಗೆ ‘ಟಿ’ ಎಂಬ ಮೆದು ದಿಬ್ಬ, ಆ ಕೋಣೆಗಳು ಮುಂದಿನ ಬಡಿತಕ್ಕೆ ಸಜ್ಜಾಗುವ ಹೊತ್ತು. ಭಾಗವತರು ಹಿಡಿದ ತಾಳದ ಹಾಗೆ ಇದು ಸುತ್ತಿ ಸುತ್ತಿ ಬರುತ್ತದೆ. ತಾಳ ತಪ್ಪಿದರೆ ವೈದ್ಯರ ಹುಬ್ಬು ಗಂಟಿಕ್ಕುತ್ತದೆ. (ಉಸಿರಿನ ಜೊತೆ ಬಡಿತದ ಅಂತರ ಚೂರು ಹೆಚ್ಚುಕಡಿಮೆ ಆಗುವುದು ಆರೋಗ್ಯವಂತರಲ್ಲೂ ಉಂಟು, ಗಾಬರಿ ಬೇಡ.) ಅಡಿಕೆ ಧಾರಣೆಗೆ ಇಂಥ ತಾಳ ಯಾವ ಕಾಲಕ್ಕೆ ಇತ್ತು? ಧಾರಣೆ ಒಂದೇ ಮಟ್ಟದಲ್ಲಿ ನಿಂತರೆ ಬೆಳೆಗಾರನಿಗೆ ನೆಮ್ಮದಿ. ಎದೆಯ ಗೆರೆ ಒಂದೇ ಮಟ್ಟದಲ್ಲಿ ನಿಂತರೆ? ಅದಕ್ಕೇ ಆ ತಲೆಬರಹ ತಪ್ಪು. ಮುಂದೆ ಬರಹಗಳ ಪುಸ್ತಕ ಮಾಡುವಾಗ ‘ಧಾರಣೆಯ ಹೊಯ್ದಾಟ’ ಎಂದೇ ಇರುತ್ತದೆ.

ಇನ್ನು ‘ಹೃದಯ ವಿದ್ಯುಲ್ಲೇಖ’. ಪದ ಚೆನ್ನಾಗಿದೆ, ಪಠ್ಯಪುಸ್ತಕಕ್ಕೆ ಇರಲಿ. ಆದರೆ ನಮ್ಮ ಆಯಿಯನ್ನು ಮೊದಲ ಸಲ ಆ ಮಂಚದ ಮೇಲೆ ಮಲಗಿಸಿದಾಗ ಅವಳು ನನ್ನ ಕೈ ಹಿಡಿದು ಕೇಳಿದ ಪ್ರಶ್ನೆ ಒಂದೇ: ‘ಕರೆಂಟ್ ಕೊಡ್ತಾರನೋ?’ ಇಸಿಜಿ ಯಂತ್ರ ಮೈಗೆ ಕರೆಂಟು ಕೊಡುವುದಿಲ್ಲ. ಹೃದಯವೇ ಹುಟ್ಟಿಸುವ, ಚರ್ಮದ ಮೇಲೆ ಮಿಲಿವೋಲ್ಟ್ ಲೆಕ್ಕದಲ್ಲಿ ಸಿಗುವ ವಿದ್ಯುತ್ತನ್ನು ಅದು ಕೇಳಿಸಿಕೊಂಡು ಬರೆದುಕೊಳ್ಳುತ್ತದೆ, ಅಷ್ಟೇ. ಆ ಹೊತ್ತಿಗೆ ಆಯಿಯ ಮುಂದೆ ‘ವಿದ್ಯುಲ್ಲೇಖ’ ಎಂದಿದ್ದರೆ ಅವಳು ಮಂಚ ಇಳಿದು ನಡೆದೇ ಬಿಡುತ್ತಿದ್ದಳು.

ಮೂರು ಅಕ್ಷರವಾದರೂ ಬರೀ ಇಂಗ್ಲಿಷಿನದ್ದೇ? ಯಂತ್ರವನ್ನು ಬಳಕೆಗೆ ತಂದವರು ಹಾಲೆಂಡಿನ ಲೈಡನ್ ಊರಿನ ವಿಲ್ಲೆಮ್ ಐಂತೋವೆನ್. ಪಿ, ಕ್ಯೂ, ಆರ್, ಎಸ್, ಟಿ ಹೆಸರುಗಳೂ ಅವರವೇ. 1924ರಲ್ಲಿ ನೊಬೆಲ್ ಬಂತು. ಅಮೆರಿಕದ ಕೆಲವರು ಈಗಲೂ ‘ಇಕೆಜಿ’ ಅನ್ನುತ್ತಾರೆ, ಆ ‘ಕೆ’ ಜರ್ಮನ್ ಕಾಗುಣಿತದ್ದು. ಐಂತೋವೆನ್ನರ ಮೊದಲ ಯಂತ್ರ ಸುಮಾರು 270 ಕಿಲೊ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು, ಯಾಕೆಂದರೆ ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಈಗ ಎದೆಗೆ ಹಚ್ಚುವ ತಣ್ಣನೆಯ ಜೆಲ್ಲಿನ ಕೆಲಸವೂ ಅದೇ. ಸಾಣಿಕಟ್ಟಾದ ಉಪ್ಪಿನಾಗರ (ಉಪ್ಪು ಬೆಳೆಯುವ ಗದ್ದೆ) ನೋಡಿ ಬೆಳೆದ ನಮಗೆ ಇದು ಅಪರಿಚಿತ ಸಂಗತಿ ಏನಲ್ಲ.

ಹೆಸರು ಎಲ್ಲಿಂದಲಾದರೂ ಬರಲಿ, ಕನ್ನಡ ತನ್ನ ಕೆಲಸವನ್ನು ಕ್ರಿಯಾಪದದಲ್ಲಿ ಮಾಡುತ್ತದೆ. ‘ಇಸಿಜಿ ತೆಗೆಸಿದೆವು’ ಎನ್ನುವವರು ಅದನ್ನು ಫೋಟೊ, ಎಕ್ಸ್‌ರೇ ಸಾಲಿಗೆ ಸೇರಿಸಿದ್ದಾರೆ. ಸರಿಯಾಗಿಯೇ ಸೇರಿಸಿದ್ದಾರೆ. ಕಾಗದದ ಮೇಲೆ ಬರುವ ಇಸಿಜಿ ಸಾಮಾನ್ಯವಾಗಿ ಹತ್ತು ಸೆಕೆಂಡಿನ ಚಿತ್ರ. ‘ಮಾಡಿಸಿದೆವು’ ಎಂದರೂ ಏನೂ ಕೆಡುವುದಿಲ್ಲ. ಆದರೆ ‘ಐಸಿಯುನಲ್ಲಿ ಮೂರು ದಿನ ಇಸಿಜಿ ತೆಗೆದರು’ ಎಂದು ಯಾರಾದರೂ ಬರೆದುಕೊಟ್ಟರೆ ನಾನು ತಿದ್ದುತ್ತೇನೆ. ಅಲ್ಲಿ ‘ಮಾನಿಟರ್ ಹಚ್ಚಿದ್ದರು’ ಎನ್ನುವುದೇ ಸರಿ. ಹಚ್ಚಿದ್ದು ಬಿಡಿಸುವ ತನಕ ಇರುತ್ತದೆ, ತೆಗೆದದ್ದು ಅಲ್ಲಿಗೇ ಮುಗಿಯಿತು. ಸೊಂಟಕ್ಕೆ ಸಣ್ಣ ಡಬ್ಬಿ ಕಟ್ಟಿ 24 ತಾಸು ಮನೆಯಲ್ಲಿ ಓಡಾಡಲು ಬಿಡುತ್ತಾರಲ್ಲ, ಆ ಹೋಲ್ಟರ್‌ಗೆ ನಮ್ಮವರು ‘ಕಟ್ಟಿ ಕಳಿಸಿದ್ದಾರೆ’ ಅನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಗೊತ್ತಿಲ್ಲ. ‘ಇಸಿಜಿ ನಿಂತುಹೋಯಿತು’ ಎಂದು ಕಥೆಗಾರರು ಬರೆದು ಕಳಿಸುತ್ತಾರೆ. ನಿಲ್ಲುವುದು ಹೃದಯ, ಗೆರೆ ಮಟ್ಟಸವಾಗುತ್ತದೆ. ಅದೂ ಎಷ್ಟೋ ಸಲ ವೈರು ಕಳಚಿಕೊಂಡದ್ದಕ್ಕೆ! ನರ್ಸ್ ಓಡಿಬಂದು ರೋಗಿಯ ಮುಖದ ಜೊತೆಗೆ ವೈರನ್ನೂ ನೋಡುವುದು ಅದಕ್ಕೇ.

ನಿಮ್ಮ ಪತ್ರದಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿದ ಆಕ್ಷೇಪವೇ ನನ್ನನ್ನು ಹೆಚ್ಚು ಕಾಡಿದ್ದು: ‘ಇಸಿಜಿ ನಾರ್ಮಲ್ ಇದ್ದುದರಿಂದ ಮನೆಗೆ ಮರಳಿದರು.’ ನೀವು ‘ನಾರ್ಮಲ್’ ಎಂಬ ಪದಕ್ಕೆ ಕೆಂಪುಶಾಯಿ ಎಳೆದಿದ್ದೀರಿ. ನನಗೆ ಚುಚ್ಚಿದ್ದು ‘ಇದ್ದುದರಿಂದ’. ಆ ಒಂದು ಪದದಿಂದ ಹತ್ತು ಸೆಕೆಂಡಿನ ಚಿತ್ರವೊಂದು ಇಡೀ ಹೃದಯದ ತೀರ್ಪಾಗಿಬಿಟ್ಟಿತು. ಹೃದಯಾಘಾತ ಶುರುವಾದ ಮೊದಲ ಹೊತ್ತಿನಲ್ಲಿ ಇಸಿಜಿ ಸರಿಯಾಗಿಯೇ ಕಾಣಬಹುದು. ಅದಕ್ಕೇ ನೋವು ನಿಲ್ಲದಿದ್ದರೆ ವೈದ್ಯರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೊಪೊನಿನ್ ಎಂಬ ಪ್ರೋಟೀನ್ ಇದೆಯೇ ಎಂದು ನೋಡುತ್ತಾರೆ. ನಡೆಯುವಾಗ ಮಾತ್ರ ಎದೆ ಹಿಡಿಯುವವರ ಇಸಿಜಿ ಮಲಗಿದಾಗ ಚೆನ್ನಾಗಿಯೇ ಬರುವುದುಂಟು.

ನಮ್ಮ ಕೇರಿಯವರೊಬ್ಬರು ಹೀಗೇ ಎದೆನೋವೆಂದು ಹೋದರು. ಬಂದವರು ‘ಇಸಿಜಿ ನಾರ್ಮಲ್, ಗ್ಯಾಸು’ ಎಂದು ಅನ್ನ ಸಾರು ಉಂಡು ಮಲಗಿದರು. ವೈದ್ಯರು ಅಂದದ್ದು ‘ಈಗ ತೆಗೆದದ್ದರಲ್ಲಿ ಏನೂ ಕಾಣುತ್ತಿಲ್ಲ, ಇಲ್ಲೇ ಇರಿ’ ಎಂದಂತೆ. ಮನೆ ಮುಟ್ಟುವಷ್ಟರಲ್ಲಿ ‘ಈಗ’ ಬಿತ್ತು, ‘ಇಲ್ಲೇ ಇರಿ’ಯೂ ಬಿತ್ತು, ‘ನಾರ್ಮಲ್’ ಒಂದು ಉಳಿಯಿತು. ನಡುರಾತ್ರಿ ಅವರನ್ನು ಹುಬ್ಬಳ್ಳಿಗೆ ಒಯ್ದೆವು. ಶಿರಸಿಯಿಂದ ಸುಮಾರು 100 ಕಿ.ಮೀ., ಪ್ರತಿ ತಿರುವಿನಲ್ಲೂ ಅವರ ಉಸಿರು ಎಣಿಸುತ್ತ ಹೋದದ್ದು. ಬದುಕಿದರು. ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೋ ಮಂಗಳೂರಿಗೋ ಓಡುವ ಈ ಜಿಲ್ಲೆಯಲ್ಲಿ ಒಂದು ವಾಕ್ಯ ಎರಡು ತಾಸು ತಿಂದರೆ ಅದು ಬರೀ ವ್ಯಾಕರಣದ ಮಾತಾಗಿ ಉಳಿಯುವುದಿಲ್ಲ. ಆದ್ದರಿಂದ ಇನ್ನು ಮೇಲೆ ನಮ್ಮ ಪತ್ರಿಕೆಯಲ್ಲಿ ‘ಆ ಹೊತ್ತಿಗೆ ತೆಗೆದ ಇಸಿಜಿಯಲ್ಲಿ ದೋಷ ಕಾಣಲಿಲ್ಲ’ ಎಂದೇ ಬರೆಯುತ್ತೇವೆ. ಉದ್ದವಾಯಿತು ಎಂದು ಪುಟವಿನ್ಯಾಸದವರು ಗೊಣಗುತ್ತಾರೆ. ಗೊಣಗಲಿ.

ಇ.ಸಿ.ಜಿ. ಎಂದು ಚುಕ್ಕಿ ಇಡಬೇಕೇ ಎಂದೂ ಕೇಳಿದ್ದೀರಿ. ಬೇಡ. ಬಾಯಲ್ಲಿ ಒಂದೇ ಪದವಾಗಿ ಓಡಾಡುತ್ತಿದೆ.

ಪತ್ರದ ಜೊತೆ ಸಾಕ್ಷಿಗೆಂದು ನಿಮ್ಮದೇ ಹಳೆಯ ಇಸಿಜಿ ಕಾಗದ ಪಿನ್ ಮಾಡಿ ಕಳಿಸಿದ್ದೀರಿ. ನೋಡಿದೆ. ಆ ಗುಲಾಬಿ ಚೌಕಗಳ ಮೇಲೆ ಗೆರೆ ಅರ್ಧಕ್ಕರ್ಧ ಮಾಸಿಹೋಗಿದೆ. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಬಿಸಿಲು ಸೆಕೆ ತಾಗಿದರೆ ಬರಹ ನಿಲ್ಲುವುದಿಲ್ಲ, ನಮ್ಮ ಕರಾವಳಿಯಲ್ಲಂತೂ ಕೇಳುವುದೇ ಬೇಡ. ಹೊಸ ಇಸಿಜಿ ಬಂದಾಗ ವೈದ್ಯರು ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ, ಹಾಗಾಗಿ ಅದು ನಿಮ್ಮ ಹತ್ತಿರವೇ ಇರಬೇಕಾದ ಕಾಗದ. ಇಲ್ಲಿ ಎರಡು ಝೆರಾಕ್ಸ್ ತೆಗೆಸಿ ಮೂಲದ ಜೊತೆ ಅಂಚೆಯಲ್ಲಿ ಕಳಿಸಿದ್ದೇನೆ. ಪಿನ್ ಮಾತ್ರ ತೆಗೆದಿಟ್ಟುಕೊಂಡಿದ್ದೇನೆ, ತುಕ್ಕು ಹಿಡಿದಿತ್ತು.