ಸಂಪಾದಕರ ಉತ್ತರ: ಬಿದಿರಿನ ಗೆಣ್ಣು ಮತ್ತು ದುಃಖದ ಅಳತೆ

ಆತ್ಮೀಯ ಓದುಗರೇ,

ಶಾಂಘೈಯಲ್ಲಿರುವ ನಿಮ್ಮ ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಅಲ್ಲಿನವರೆಲ್ಲ ಅವರಿಗೆ 'ಜಿಯೆ ಆಯ್ ಶುನ್ ಬಿಯನ್' ಎಂಬ ನಾಲ್ಕಕ್ಷರದ ಸಂತಾಪವನ್ನು ಬರೆದರೆಂದೂ, 'ದುಃಖವನ್ನು ಹತೋಟಿಯಲ್ಲಿಡಿ, ಬದಲಾವಣೆಗೆ ಹೊಂದಿಕೊಳ್ಳಿ' ಎಂಬ ಅದರ ಅರ್ಥವನ್ನು ತಿಳಿದು ನಿಮ್ಮ ಮನಸ್ಸಿಗೆ ಕಸಿವಿಸಿಯಾಯಿತೆಂದೂ ಬರೆದಿದ್ದೀರಿ. ಅಪ್ಪನನ್ನು ಕಳೆದುಕೊಂಡವರಿಗೆ ಅಳಬೇಡಿ ಎನ್ನುವ ಮಾತು ಸಂತಾಪ ಹೇಗಾದೀತು ಎಂಬುದು ನಿಮ್ಮ ಪ್ರಶ್ನೆ. ಮೊಬೈಲಿನಲ್ಲಿ ಹುಡುಕಿ ತೆಗೆದ ಮೂರು ಚೀನೀ ನುಡಿಗಟ್ಟುಗಳನ್ನೂ ಕಳಿಸಿ, ಇವುಗಳಲ್ಲಿ ಯಾವುದನ್ನು ಬರೆಯಲಿ ಎಂದು ಕೇಳಿದ್ದೀರಿ.

ಆ ಮಾತಿನಲ್ಲಿ ಅಳಬೇಡಿ ಎಂಬ ಅರ್ಥವಿಲ್ಲ. 'ಆಯ್' ಎಂದರೆ ಶೋಕ. 'ಜಿಯೆ' ಎಂಬ ಅಕ್ಷರದ ಹಳೆಯ ರೂಪದ ತಲೆಯ ಮೇಲೆ ಬಿದಿರಿನ ಗುರುತಿದೆ, ಏಕೆಂದರೆ ಅದರ ಮೂಲ ಅರ್ಥ ಬಿದಿರಿನ ಗೆಣ್ಣು. ಗೆಣ್ಣಿನಿಂದ ಗೆಣ್ಣಿಗೆ ಬಿದಿರು ಅಳತೆಯಿಂದ ಬೆಳೆಯುವುದರಿಂದ ಆ ಪದಕ್ಕೆ ಮಿತಿ, ಸಂಯಮ ಎಂಬ ಅರ್ಥಗಳು ಬಂದವು. ವರ್ಷದ ಗೆಣ್ಣುಗಳಂತಿರುವ ಹಬ್ಬಗಳಿಗೂ ಅದೇ ಹೆಸರಾಯಿತು. ಕನ್ನಡಿಗರಿಗೆ ಇದು ಹೊಸದಲ್ಲ. ಸಂಸ್ಕೃತದ 'ಪರ್ವ'ಕ್ಕೂ ಬಿದಿರಿನ ಗೆಣ್ಣು ಎಂಬ ಅರ್ಥವಿದೆ, ನಮ್ಮ 'ಹಬ್ಬ' ಅದರಿಂದಲೇ ಹುಟ್ಟಿದ್ದು. ಹಾಗಾಗಿ 'ಜಿಯೆ ಆಯ್' ಎಂಬುದನ್ನು ನಾನು 'ದುಃಖಕ್ಕೆ ಗೆಣ್ಣುಗಳಿರಲಿ' ಎಂದು ಓದಿಕೊಳ್ಳುತ್ತೇನೆ. ಬಿದಿರನ್ನು ಕಡಿದುಹಾಕಿ ಎಂದು ಅದು ಹೇಳುತ್ತಿಲ್ಲ.

ಈ ಮಾತು ಬಂದದ್ದು ಪ್ರಾಚೀನ ಚೀನಾದ ಆಚಾರಗಳ ಗ್ರಂಥವಾದ 'ಲೀ ಜಿ'ಯಿಂದ. ಸಾವಿನ ಆಚಾರಗಳು ಶೋಕದ ಪರಾಕಾಷ್ಠೆ ಎಂದು ಮೊದಲು ಒಪ್ಪಿಕೊಂಡು, ಆ ಶೋಕಕ್ಕೆ ಅಳತೆಯಿಡುವುದು ಬದಲಾವಣೆಯೊಡನೆ ನಡೆಯುವುದಕ್ಕಾಗಿ ಎಂದು ಅದು ಹೇಳುತ್ತದೆ. ಹೆತ್ತವರು ಕೊಟ್ಟ ದೇಹವನ್ನು ಅವರಿಗಾಗಿ ಅತ್ತು ಅತ್ತು ಹಾಳುಮಾಡಿಕೊಳ್ಳಬಾರದು ಎಂಬ ಕಾಳಜಿ ಅದರ ಹಿಂದಿದೆ. ಆ ಅಳತೆಯೇನೂ ಚಿಕ್ಕದಾಗಿರಲಿಲ್ಲ. ಹೊತ್ತುಗೊತ್ತಿಲ್ಲದೆ ಅಳುವುದನ್ನು ನಿಲ್ಲಿಸುವ ಹಂತಕ್ಕೆ 'ತ್ಸು ಖು', ಅಂದರೆ 'ಅಳುವಿನ ಮುಕ್ತಾಯ' ಎಂಬ ಹೆಸರಿನ ವಿಧಿಯೇ ಇತ್ತು, ಮತ್ತು ಅದು ಬರುತ್ತಿದ್ದುದು ತಿಂಗಳುಗಳ ನಂತರ. ತಂದೆತಾಯಿಗಳಿಗಾಗಿ ಶೋಕದ ಅವಧಿ ಮೂರನೆಯ ವರ್ಷದವರೆಗೆ ಸಾಗುತ್ತಿತ್ತು. ಒಂದು ವರ್ಷ ಸಾಲದೇ ಎಂದು ಶಿಷ್ಯನೊಬ್ಬ ಕೇಳಿದಾಗ, ಮಗು ತಂದೆತಾಯಿಗಳ ಮಡಿಲಿನಿಂದ ಇಳಿಯುವುದಕ್ಕೆ ಮೂರು ವರ್ಷ ಬೇಕಾಗುತ್ತದೆ ಎಂದು ಕನ್‌ಫ್ಯೂಷಿಯಸ್ ನೆನಪಿಸಿದರು. ಅಳತೆಯ ಮಾತಾಡಿದ ಆ ಗುರುಗಳೇ ಅಚ್ಚುಮೆಚ್ಚಿನ ಶಿಷ್ಯ ಯಾನ್ ಹುಯಿ ತೀರಿಕೊಂಡಾಗ ತಡೆಯಲಾರದೆ ಗೋಳಾಡಿದರು. ತಾವು ಮಿತಿಮೀರಿ ಅಳುತ್ತಿದ್ದೀರಿ ಎಂದು ಜೊತೆಯಲ್ಲಿದ್ದವರು ಹೇಳಿದ್ದಕ್ಕೆ, ಇವನಿಗಾಗಿ ಅಳದೆ ಇನ್ನಾರಿಗಾಗಿ ಅಳಲಿ ಎಂದರು. ಈ ಪ್ರಸಂಗವನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಕಲಕುತ್ತದೆ.

ಇನ್ನು ನಿಮ್ಮ ಪಟ್ಟಿಯ ಮೊದಲನೆಯ ನುಡಿಗಟ್ಟು 'ಗಾನ್ ಛಾಂಗ್ ತ್ಸುನ್ ದುವಾನ್'. ಪಿತ್ತಜನಕಾಂಗವೂ ಕರುಳೂ ಇಂಚಿಂಚಾಗಿ ತುಂಡಾದವು ಎಂದು ಅದರ ಅರ್ಥ. ಅದರ ಹಿಂದಿನ ಕಥೆ 5ನೆಯ ಶತಮಾನದಲ್ಲಿ ಸಂಕಲಿತವಾದ 'ಶಿ ಶುವೋ ಶಿನ್ ಯು' ಎಂಬ ಗ್ರಂಥದಲ್ಲಿದೆ. ಸೇನಾಪತಿ ಹುವಾನ್ ವೆನ್ ತನ್ನ ದಂಡಿನೊಡನೆ ಶು ನಾಡಿಗೆ (ಇಂದಿನ ಸಿಚುವಾನ್ ಪ್ರದೇಶ) ಹೊರಟು ಯಾಂಗ್ಟ್ಸಿ ನದಿಯ ಮೂರು ಕಮರಿಗಳನ್ನು ದಾಟುತ್ತಿದ್ದಾಗ, ದಂಡಿನವನೊಬ್ಬ ಕೋತಿಮರಿಯೊಂದನ್ನು ಹಿಡಿದು ದೋಣಿಗೆ ತಂದ. ತಾಯಿಕೋತಿ ದಡದುದ್ದಕ್ಕೂ ಚೀರುತ್ತ 100 ಲಿಗೂ ಹೆಚ್ಚು ದೂರ, ಅಂದರೆ 40 ಕಿಲೋಮೀಟರಿಗೂ ಮಿಕ್ಕಿ ಹಿಂಬಾಲಿಸಿತು; ಕೊನೆಗೆ ದೋಣಿ ಹತ್ತಿರ ಬಂದಾಗ ಅದರೊಳಕ್ಕೆ ಹಾರಿ ಅಲ್ಲಿಯೇ ಪ್ರಾಣ ಬಿಟ್ಟಿತು. ಹೊಟ್ಟೆ ಸೀಳಿ ನೋಡಿದರೆ ಕರುಳೆಲ್ಲ ಚೂರು ಚೂರಾಗಿತ್ತು. ಸುದ್ದಿ ಕೇಳಿ ಕೆರಳಿದ ಹುವಾನ್ ವೆನ್ ಮರಿಯನ್ನು ಹಿಡಿದವನನ್ನು ಕೆಲಸದಿಂದ ತೆಗೆದುಹಾಕಿದ.

ಕರುಳು ಕಿತ್ತು ಬರುತ್ತದೆ, ಹೆತ್ತ ಕರುಳು, ಕರುಳಿನ ಕುಡಿ ಎನ್ನುವ ನಮಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದುಃಖದ ತಾಣವನ್ನು ಎದೆಯಿಂದ ಕೆಳಗೆ ಹೊಟ್ಟೆಯಲ್ಲಿ ಗುರುತಿಸುವ ವಿಷಯದಲ್ಲಿ ಎರಡೂ ಭಾಷೆಗಳು ಒಂದೇ ಕಡೆ ಕೈ ತೋರುತ್ತವೆ. ಆದರೆ ಈ ನುಡಿಗಟ್ಟನ್ನು ನಿಮ್ಮ ಸಂತಾಪದಲ್ಲಿ ಬರೆಯಬೇಡಿ. ಅದು ದುಃಖಪಟ್ಟವರು ತಮ್ಮ ಬಗ್ಗೆ ಹೇಳಿಕೊಳ್ಳುವ, ಇಲ್ಲವೇ ಕಥೆ ಹೇಳುವವರು ಅವರ ಬಗ್ಗೆ ಹೇಳುವ ಮಾತು. ತಂದೆಯನ್ನು ಕಳೆದುಕೊಂಡವರಿಗೆ ನಿಮ್ಮ ಕರುಳು ತುಂಡಾಗಿರಬೇಕು ಎಂದು ನಾವು ಕನ್ನಡದಲ್ಲೂ ಕಾಗದ ಬರೆಯುವುದಿಲ್ಲ.

ಎರಡನೆಯದಾದ 'ರು ಸಾಂಗ್ ಖಾವ್ ಬಿ'ಯನ್ನು ಖಂಡಿತ ಮುಟ್ಟಬೇಡಿ. 'ತಂದೆತಾಯಿ ಸತ್ತಂತೆ' ಎಂಬ ಅದರ ಅರ್ಥ ನಿಮಗೆ ಸಂದರ್ಭಕ್ಕೆ ಒಪ್ಪುವಂತೆ ಕಂಡಿರುವುದು ಸಹಜ. ಪುರಾತನ ಚೀನಾದ 'ಯಾವ್' ಎಂಬ ಹೆಸರಿನ ದೊರೆ ತೀರಿಕೊಂಡಾಗ ಪ್ರಜೆಗಳು ಹೀಗೆ ಶೋಕಿಸಿದರೆಂದು ಪ್ರಾಚೀನ ಗ್ರಂಥದಲ್ಲಿ ಗೌರವದಿಂದಲೇ ಬಂದ ಮಾತು ಅದು. ಇಂದಿನ ಬಳಕೆಯಲ್ಲಿ ಮಾತ್ರ ಅದು ಬೈಗುಳದ ಜಾತಿಗೆ ಸೇರಿದೆ. ಸೋತು ಗೋಳಾಡುವ ಎದುರಾಳಿಯನ್ನು ಹೀಯಾಳಿಸಲು ಅದನ್ನು ಬಳಸುತ್ತಾರೆ.

ಮೂರನೆಯದಾದ 'ನಾನ್ ಗುವೋ' ದಿನಬಳಕೆಯ ಸರಳ ಪದ. 'ನಾನ್' ಎಂದರೆ ಕಷ್ಟ, 'ಗುವೋ' ಎಂದರೆ ದಾಟುವುದು, ಕಳೆಯುವುದು. ಹೊತ್ತು ಕಳೆಯುವುದೇ ಕಷ್ಟವಾಗಿದೆ ಎಂಬಂಥ ಮಾತು. ಸುದ್ದಿ ಕೇಳಿ ನನಗೂ ತುಂಬ 'ನಾನ್ ಗುವೋ' ಆಯಿತು ಎಂದು ನೀವು ನಿಮ್ಮ ಸಂಕಟವನ್ನು ಹೇಳಿಕೊಳ್ಳಬಹುದು. ಅದರ ನಂತರ 'ಛಿಂಗ್ ಜಿಯೆ ಆಯ್' ಎಂದು ಬರೆಯಿರಿ. 'ಛಿಂಗ್' ಸೇರಿದರೆ ಅದು ವಿನಂತಿಯಾಗುತ್ತದೆ. ಕೊನೆಗೆ 'ಬಾವ್ ಚುಂಗ್', ಅಂದರೆ ಆರೋಗ್ಯ ನೋಡಿಕೊಳ್ಳಿ ಎಂದು ಸೇರಿಸಿದರೆ ಸಾಕು. ಇದಕ್ಕಿಂತ ಉದ್ದದ ಸಂದೇಶ ಬೇಕಾಗಿಲ್ಲ.

ಇನ್ನೊಂದು ವಿಷಯ. ಸಾವಿನ ನಂತರ ಏಳೇಳು ದಿನಗಳಿಗೊಮ್ಮೆ 49ನೆಯ ದಿನದವರೆಗೂ, ಆಮೇಲೆ 100ನೆಯ ದಿನವೂ ತೀರಿಕೊಂಡವರನ್ನು ನೆನೆಯುವ ಪದ್ಧತಿಯನ್ನು ಅನೇಕ ಚೀನೀ ಮನೆಗಳು ಇಂದಿಗೂ ಉಳಿಸಿಕೊಂಡಿವೆ. ಏಪ್ರಿಲ್ 4 ಅಥವಾ 5ರ ಸುಮಾರಿಗೆ ಬರುವ 'ಛಿಂಗ್ ಮಿಂಗ್' ದಿನದಂದು ಹಿರಿಯರ ಸಮಾಧಿಯನ್ನು ಗುಡಿಸಿ, ಹೂವಿಟ್ಟು ಬರುತ್ತಾರೆ. 2008ರಿಂದ ಆ ದಿನ ಅಲ್ಲಿ ಸರ್ಕಾರಿ ರಜೆಯೂ ಹೌದು. ನಿಮ್ಮ ಸಹೋದ್ಯೋಗಿಗೆ ತಂದೆಯಿಲ್ಲದ ಮೊದಲ ಛಿಂಗ್ ಮಿಂಗ್ ಬಂದಾಗ ಬೆಂಗಳೂರಿನ ಕಚೇರಿಯಿಂದ ಅವರಿಗೆ ಫೋನು ಹೋಗದಂತೆ ನೋಡಿಕೊಳ್ಳಿ, ಅಂದಿನ ಅವರ ಕೆಲಸವನ್ನು ನೀವೇ ವಹಿಸಿಕೊಳ್ಳಿ.

ಸಂಪಾದಕ