‘ಹಿಟ್ಲರ್’ ಅಂದ ಕೂಡಲೇ ವಾದ ಸೋತಂತೆಯೇ?

ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸಿದ್ದನ್ನು ಕೇರಳದ ಮಂಜೇಶ್ವರದ ಚರ್ಚೆಯಲ್ಲಿ ನೀವು ‘ಹಿಟ್ಲರ್ ಆಡಳಿತ’ ಅಂದದ್ದೇ ಎಡವಟ್ಟು. ಆ ಹೆಸರು ಬಂದದ್ದೇ ತಡ, ಮಾತು ಶಾಲೆಯನ್ನು ಬಿಟ್ಟು ಹಿಟ್ಲರನ ಹಿಂದೆ ಹೋಯಿತು. ಆದರೆ ‘ಗಾಡ್ವಿನ್ ನಿಯಮದಂತೆ ನೀವು ಸೋತಿರಿ’ ಎಂಬ ಎದುರಾಳಿಯ ಮಾತೂ ತಪ್ಪು. 1990ರಲ್ಲಿ ಅಮೆರಿಕದ ಮೈಕ್ ಗಾಡ್ವಿನ್ ಹೇಳಿದ್ದು ಇಷ್ಟೇ: ಆನ್‌ಲೈನ್ ಚರ್ಚೆ ಬೆಳೆದಷ್ಟೂ ಹಿಟ್ಲರ್ ಹೋಲಿಕೆ ಬರುವ ಸಂಭವ ಹೆಚ್ಚು. ಸೋಲು-ಗೆಲುವನ್ನು ಆಮೇಲೆ ಜನ ಅಂಟಿಸಿದ್ದು.

ಮುಂದಿನ ಸಲ ವ್ಯಕ್ತಿಯನ್ನು ಬಿಟ್ಟು ಕ್ರಮವನ್ನು ಹೆಸರಿಸಿ. 1933ರ ಜರ್ಮನಿಯಲ್ಲಿ ಫೆಬ್ರವರಿ 28ರ ಸುಗ್ರೀವಾಜ್ಞೆಯಿಂದ ಮೂಲಭೂತ ಹಕ್ಕುಗಳು ಅಮಾನತಾದವು, ಮಾರ್ಚ್‌ನಲ್ಲಿ ಸಂಸತ್ತನ್ನು ಬದಿಗಿಟ್ಟು ಕಾನೂನು ಮಾಡುವ ಅಧಿಕಾರ ಸರಕಾರಕ್ಕೆ ಬಂತು, ಜುಲೈ 14ಕ್ಕೆ ಬೇರೆ ಪಕ್ಷಗಳೇ ನಿಷಿದ್ಧ. ಇದರಲ್ಲಿ ಯಾವುದು ನಿಮ್ಮ ಶಾಲೆಯ ವಿಷಯಕ್ಕೆ ಕೂಡುತ್ತದೆ? ಒಂದೂ ಇಲ್ಲ. ಭಾಷೆಯ ಮಟ್ಟಿಗೆ ಸರ್ವಾಧಿಕಾರಿ ಫ್ರಾಂಕೊನ ಸ್ಪೇನ್ ಸ್ವಲ್ಪ ಹತ್ತಿರ. ಅಲ್ಲಿ ಕತಲೋನಿಯಾ ಪ್ರದೇಶದ ಕತಲಾನ್ ಭಾಷೆಯನ್ನು ಶಾಲೆ, ಕಚೇರಿಗಳಿಂದ ಹೊರಗಿಟ್ಟಿದ್ದರು. ಆದರೆ ಅಲ್ಲಿನದು ನಿಷೇಧ, ಇಲ್ಲಿನದು ನೇಮಕಾತಿಯ ಲೋಪ. ಈ ವ್ಯತ್ಯಾಸವನ್ನು ನೀವೇ ಮೊದಲು ಹೇಳಿಬಿಡಿ, ಇಲ್ಲವಾದರೆ ಎದುರಿನವರು ಅದನ್ನೇ ಹಿಡಿದು ಎಳೆಯುತ್ತಾರೆ.

ನನ್ನನ್ನು ಕೇಳಿದರೆ ಈ ವಾದಕ್ಕೆ ಸರ್ವಾಧಿಕಾರಿಯೇ ಬೇಡ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯ ಯತ್ನಿಸಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. (ನಿಮ್ಮದು ಹೈಸ್ಕೂಲಾದರೆ ಇದು ನೇರವಾಗಿ ಹೊಂದದು.) ನೇಮಕಾತಿ ಆದೇಶದ ಪ್ರತಿ, ಆ ತರಗತಿಯ ಮಕ್ಕಳ ಸಂಖ್ಯೆ, ಪಾಠ ನಡೆಯದ ದಿನಗಳ ಲೆಕ್ಕ ಇಟ್ಟುಕೊಂಡು ಅಲ್ಲಿಂದಲೇ ಮಾತು ಶುರು ಮಾಡಿ. ಮತ್ತೆ ಯಾರಾದರೂ ಹಿಟ್ಲರನನ್ನು ಎಳೆದು ತಂದರೆ, ‘ಅವನು ಮಾಡಿದ ಯಾವ ಕೆಲಸ ಇಲ್ಲಿ ನಡೆದಿದೆ?’ ಎಂದು ಕೇಳಿ.